ಹಳೆ ಟಿವಿ, ಹಳೆ ಸ್ಪೀಕರ್: ಮೊದಲು ಯಾವುದಕ್ಕೆ ದುಡ್ಡು?

ಮನೆಯ ಟಿವಿ ಮತ್ತು ಹೋಂ ಥಿಯೇಟರ್ ಕುರಿತು ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇದ್ದದ್ದನ್ನೇ ಸರಿ ಮಾಡಿಸಿಕೊಳ್ಳಬೇಕೋ, ಎಲ್ಲ ಕೊಟ್ಟು ಹೊಸದು ತರಬೇಕೋ ಎಂಬುದು ಬಹುತೇಕ ಎಲ್ಲರ ಪ್ರಶ್ನೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಒಳ್ಳೆಯ ಸ್ಪೀಕರ್‌ಗೆ ಮೂವತ್ತು ವರ್ಷ ದೊಡ್ಡ ವಯಸ್ಸೇನಲ್ಲ, ಈಗಿನ ಟಿವಿಗೆ ಅಷ್ಟು ಆಯಸ್ಸು ಇಲ್ಲ. ಆದ್ದರಿಂದ ಮೊದಲು ಸೆಟ್ಟಿಂಗ್ ಮತ್ತು ಕೇಬಲ್ ನೋಡಿ, ಆಮೇಲೆ ಸ್ಪೀಕರ್ ರಿಪೇರಿ, ಟಿವಿ ಕೊನೆಗೆ. ಇಲ್ಲಿ ಕೊಟ್ಟಿರುವ ಬೆಲೆಗಳು ಅಂದಾಜು. ಊರಿಂದ ಊರಿಗೆ ಹೆಚ್ಚುಕಮ್ಮಿ ಆಗುತ್ತವೆ.

ಪ್ರಶ್ನೆ: ಹದಿನೈದು ವರ್ಷದ ಹಿಂದೆ ಕೊಂಡ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ) ಡಿವಿಡಿ ಹೋಂ ಥಿಯೇಟರ್ ಇನ್ನೂ ಚೆನ್ನಾಗಿದೆ. ಹೊಸ ಸ್ಮಾರ್ಟ್ ಟಿವಿಯಲ್ಲಿ ಕೆಂಪು–ಬಿಳಿ ಆಡಿಯೋ ಔಟ್ ಪಿನ್ ಇಲ್ಲ. ಎಚ್‌ಡಿಎಂಐ ಕೇಬಲ್ ಹಾಕಿದರೆ ಸೌಂಡ್ ಬರಲಿಲ್ಲ. ಅಂಗಡಿಯವರು ಕೊಟ್ಟ ಕನ್ವರ್ಟರ್ ಡಬ್ಬದಲ್ಲಿ ಒಂದು ಟಿವಿ ಚಾನೆಲ್‌ಗೆ ಸೌಂಡ್ ಬರುತ್ತದೆ, ಇನ್ನೊಂದಕ್ಕೆ ಬರೀ ಗರಗರ. ಡಬ್ಬ ಹಾಳಾಗಿದೆಯೇ?
— ಓದುಗರು, ಹಾಸನ

ಉತ್ತರ: ಡಬ್ಬ ಸರಿಯಾಗಿಯೇ ಇದೆ, ಟಿವಿಯ ಸೆಟ್ಟಿಂಗ್ ಬದಲಾಯಿಸಬೇಕು.

ಮೊದಲು ಎಚ್‌ಡಿಎಂಐ ವಿಚಾರ. ನಿಮ್ಮ ಹೋಂ ಥಿಯೇಟರ್ ಹಿಂದಿರುವುದು ‘ಎಚ್‌ಡಿಎಂಐ ಔಟ್’. ಡಿವಿಡಿಯ ಚಿತ್ರ ಟಿವಿಗೆ ಹೋಗಲೆಂದು ಕೊಟ್ಟ ದಾರಿ ಅದು. ಅದೇ ಕೇಬಲ್‌ನಲ್ಲಿ ಟಿವಿಯ ಸೌಂಡ್ ವಾಪಸ್ ಬರಬೇಕಾದರೆ ಎರಡೂ ಕಡೆಯ ಪೋರ್ಟ್ ಪಕ್ಕದಲ್ಲಿ ‘ಎಆರ್‌ಸಿ’ ಎಂದು ಬರೆದಿರಬೇಕು. ಈ ಸೌಲಭ್ಯ ಬಂದದ್ದು 2009ರ ಎಚ್‌ಡಿಎಂಐ 1.4ರಲ್ಲಿ, ಆ ಕಾಲದ ಅಗ್ಗದ ಸೆಟ್‌ಗಳಲ್ಲಿ ಹೆಚ್ಚಾಗಿ ಇರಲಿಲ್ಲ. ಬರೆದಿದ್ದರೆ ಅದೇ ಪೋರ್ಟಿಗೆ ಕೇಬಲ್ ಹಾಕಿ, ಟಿವಿ ಮೆನುವಿನಲ್ಲಿ ಎಚ್‌ಡಿಎಂಐ ಸಿಇಸಿ ಆನ್ ಮಾಡಿ. ಬೇರೇನೂ ಬೇಕಿಲ್ಲ.

ಇಲ್ಲದಿದ್ದರೆ ಹೋಂ ಥಿಯೇಟರ್ ಹಿಂದೆ ಚಿಕ್ಕ ಚೌಕದ ‘ಆಪ್ಟಿಕಲ್ ಇನ್’ ಇದೆಯೇ ನೋಡಿ. ಇದ್ದರೆ ಟಿವಿಯ ಆಪ್ಟಿಕಲ್ ಔಟ್‌ನಿಂದ ನೇರವಾಗಿ ಒಂದು ಕೇಬಲ್ ಎಳೆದು, ಟಿವಿಯ ಡಿಜಿಟಲ್ ಔಟ್‌ಪುಟ್ ‘ಡಾಲ್ಬಿ ಡಿಜಿಟಲ್’ಗೆ ಇಡಿ. ನಿಜವಾದ 5.1 ಸಿಗುತ್ತದೆ. ಕೇಬಲ್‌ನ ಎರಡೂ ತುದಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿ ಇರುತ್ತದೆ. ಅದನ್ನು ತೆಗೆಯದೆ ತುರುಕಿ ‘ಸೌಂಡ್ ಇಲ್ಲ’ ಎನ್ನುವವರೇ ಜಾಸ್ತಿ. ಟಿವಿ ಆನ್ ಇದ್ದಾಗ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ಕೇಬಲ್ ಸರಿ ಇದೆ ಎಂದರ್ಥ. ಮೂಲೆಯಲ್ಲಿ ಮಡಚಿ ಒತ್ತಬೇಡಿ, ಒಳಗಿನ ಎಳೆ ಮುರಿಯುತ್ತದೆ.

ನಿಮ್ಮಲ್ಲಿ ಕನ್ವರ್ಟರ್ ಡಬ್ಬ ಬಳಸಿದ್ದೀರಿ ಎಂದರೆ ಬಹುಶಃ ಆಕ್ಸ್ (ಕೆಂಪು–ಬಿಳಿ ಪಿನ್‌ನ ಆಡಿಯೋ ಇನ್) ಮಾತ್ರ ಇರಬೇಕು. ₹500ರಿಂದ ₹1,000ದೊಳಗಿನ ಈ ಡಿಜಿಟಲ್ ಟು ಅನಲಾಗ್ ಕನ್ವರ್ಟರ್‌ಗಳಿಗೆ ಅರ್ಥವಾಗುವುದು ಪಿಸಿಎಂ ಎಂಬ ಎರಡು ಚಾನೆಲ್‌ನ ಸಿಗ್ನಲ್ ಮಾತ್ರ. ಟಿವಿ ‘ಆಟೋ’ದಲ್ಲಿದ್ದಾಗ ಸ್ಟೀರಿಯೋ ಕಾರ್ಯಕ್ರಮಕ್ಕೆ ಪಿಸಿಎಂ ಕಳಿಸುತ್ತದೆ, ಡಾಲ್ಬಿ ಕಾರ್ಯಕ್ರಮ ಬಂದ ಕೂಡಲೇ ಡಾಲ್ಬಿಯನ್ನೇ ಕಳಿಸುತ್ತದೆ. ಡಬ್ಬಕ್ಕೆ ಅದನ್ನು ಬಿಡಿಸಲು ಬಾರದು. ಆಗ ಮೌನ, ಇಲ್ಲವೇ ನೀವು ಕೇಳಿದ ಗರಗರ. ಸೌಂಡ್ ಮೆನುವಿನಲ್ಲಿ ‘ಡಿಜಿಟಲ್ ಸೌಂಡ್ ಔಟ್’ ಹುಡುಕಿ ‘ಪಿಸಿಎಂ’ ಆಯ್ಕೆ ಮಾಡಿ. ಸೆಟ್‌ಟಾಪ್ ಬಾಕ್ಸ್‌ನ ಮೆನುವಿನಲ್ಲೂ ಇಂಥದ್ದೇ ಆಯ್ಕೆ ಇದ್ದರೆ ಅಲ್ಲಿಯೂ ಹಾಗೇ ಮಾಡಿ. ಎರಡೇ ಚಾನೆಲ್ ಬಂದರೂ ಹೋಂ ಥಿಯೇಟರ್‌ನ ‘ಪ್ರೊ ಲಾಜಿಕ್’ ಅಥವಾ ‘ಸರೌಂಡ್’ ಬಟನ್ ಒತ್ತಿದರೆ ಹಿಂದಿನ ಸ್ಪೀಕರ್‌ಗಳೂ ಹಾಡುತ್ತವೆ.

ಡಬ್ಬಕ್ಕೆ ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಟ್ಟಾಗ ಸಣ್ಣ ಕಿರ್ರ್ ಸದ್ದು ಬಂದರೆ ಮೊಬೈಲ್ ಚಾರ್ಜರ್‌ಗೆ ಬದಲಾಯಿಸಿ. ಆಪ್ಟಿಕಲ್‌ನಿಂದ ಬರುವ ಸೌಂಡ್ ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿರುತ್ತದೆ, ಟಿವಿ ರಿಮೋಟ್‌ನಿಂದ ಏರಿಳಿಯುವುದಿಲ್ಲ. ಒಂದೇ ರಿಮೋಟ್ ಸಾಕು ಎನ್ನುವವರಿಗೆ ಟಿವಿಯಲ್ಲಿ ಹೆಡ್‌ಫೋನ್ ತೂತು ಇದ್ದರೆ ₹150ರ ಆಸುಪಾಸಿನ 3.5 ಮಿ.ಮೀ.ನಿಂದ ಕೆಂಪು–ಬಿಳಿ ಪಿನ್‌ಗೆ ಹೋಗುವ ಕೇಬಲ್ ಸಾಕು. ಹೋಂ ಥಿಯೇಟರ್ ವಾಲ್ಯೂಮ್ ಒಂದು ಕಡೆ ನಿಲ್ಲಿಸಿ ಟಿವಿಯದನ್ನು ಬಳಸಿ. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಮಾಡಿ ನೋಡಬೇಕಾದದ್ದು ಇದೇ.

ತುಟಿಗೂ ಮಾತಿಗೂ ಹೊಂದಿಕೆ ತಪ್ಪಿದರೆ ಯಾವುದು ಮುಂದೆ ಓಡುತ್ತಿದೆ ಎಂದು ಮೊದಲು ಗಮನಿಸಿ. ಮಾತು ಮುಂದಿದ್ದರೆ ಟಿವಿಯ ‘ಆಡಿಯೋ ಡಿಲೇ’ ಹೆಚ್ಚಿಸುತ್ತಾ ಹೋಗಿ, ಸರಿಹೋಗುತ್ತದೆ. ಮಾತು ಹಿಂದೆ ಬಿದ್ದಿದ್ದರೆ ಡಿಲೇಯಿಂದ ಉಪಯೋಗವಿಲ್ಲ, ಏಕೆಂದರೆ ಅದು ಸೌಂಡನ್ನು ತಡಮಾಡಬಲ್ಲದೇ ಹೊರತು ಬೇಗ ಕಳಿಸಲಾರದು. ಬ್ಲೂಟೂತ್‌ನಲ್ಲಿ ಆಗುವ ತೊಂದರೆ ಇದು. ಸಿನಿಮಾ ನೋಡಲು ವೈರ್ ಸಂಪರ್ಕವೇ ಇರಲಿ.

ಪ್ರಶ್ನೆ: 1990ರ ದಶಕದ ಸ್ಟೀರಿಯೋ ಆಂಪ್ಲಿಫೈಯರ್ ಮತ್ತು ಎಂಟು ಇಂಚಿನ ವೂಫರ್ ಇರುವ ಮರದ ಬಾಕ್ಸ್ ಜೋಡಿ ಇದೆ. ವಾಲ್ಯೂಮ್ ಏರಿಸಿದರೆ ಒಂದು ಸ್ಪೀಕರ್ ಬೇಸ್‌ನಲ್ಲಿ ಬರಬರ ಎನ್ನುತ್ತದೆ. ಜೊತೆಗೆ ಗುಂಯ್ ಎನ್ನುವ ಸದ್ದು. ಇದನ್ನು ಟಿವಿಗೆ ಬಳಸಬೇಕೆಂದಿದೆ. ಖರ್ಚು ಮಾಡಬಹುದೇ?
— ಓದುಗರು, ಮೈಸೂರು

ಉತ್ತರ: ಖಂಡಿತ ಮಾಡಿ. ಈಗ ಅಂಥ ಗಟ್ಟಿ ಬಾಕ್ಸ್ ಹೊಸದಾಗಿ ಕೊಳ್ಳಲು ಹೋದರೆ ಟಿವಿಯಷ್ಟೇ ದುಡ್ಡು ಬೇಕು. ಆದರೆ ರಿಪೇರಿ ಆಗುವವರೆಗೆ ಆ ಸ್ಪೀಕರ್ ಹಾಕಬೇಡಿ.

ಮುಂದಿನ ಜಾಲಿ ಬಟ್ಟೆ ತೆಗೆದು, ವೂಫರ್‌ನ ಕೋನ್ ಸುತ್ತ ಉಬ್ಬಿಕೊಂಡಿರುವ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಅದು ಫೋಮ್ ಆಗಿದ್ದರೆ ಹದಿನೈದು–ಇಪ್ಪತ್ತು ವರ್ಷದಲ್ಲಿ ಗಾಳಿಯ ತೇವಕ್ಕೆ ಜಿಗುಟಾಗಿ ಪುಡಿ ಉದುರುತ್ತದೆ. ರಬ್ಬರ್ ಅಥವಾ ಬಟ್ಟೆಯ ಅಂಚಿಗೆ ಈ ರೋಗ ಕಡಿಮೆ. ಅಂಚು ಹರಿದಾಗ ಕೋನ್ ಒಂದು ಕಡೆಗೆ ವಾಲುತ್ತದೆ, ಅದರ ಹಿಂದಿನ ತಾಮ್ರದ ಕಾಯಿಲ್ ಅಯಸ್ಕಾಂತದ ಸಂದಿಗೆ ಉಜ್ಜುತ್ತದೆ. ಉಜ್ಜಿ ಉಜ್ಜಿ ಶಾರ್ಟ್ ಆದರೆ ಆಂಪ್ಲಿಫೈಯರ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೂ ಹೋಗುತ್ತವೆ. ಮಲ್ಟಿಮೀಟರ್ ಇದ್ದರೆ ವೈರ್ ಬಿಚ್ಚಿ ಅಳೆಯಿರಿ: 8 ಓಂ ವೂಫರ್ 6ರಿಂದ 7, 4 ಓಂನದು 3ರಿಂದ 3.5 ತೋರಿಸಬೇಕು. ಸೊನ್ನೆಯ ಹತ್ತಿರ ಬಂದರೆ ಅಥವಾ ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ, ರೀಕೋನಿಂಗ್ (ಹೊಸ ಕೋನ್, ಕಾಯಿಲ್ ಹಾಕುವುದು) ಮಾಡಿಸಬೇಕು.

ಕಾಯಿಲ್ ಸರಿ ಇದ್ದರೆ ಫೋಮ್ ಅಂಚು ಬದಲಾಯಿಸಿದರಾಯಿತು. ‘ಎಂಟು ಇಂಚು’ ಎಂದಷ್ಟೇ ಹೇಳಿ ತರಿಸಬೇಡಿ, ಎಂಟು ಇಂಚಿನಲ್ಲೇ ಹತ್ತಾರು ಅಳತೆಗಳಿವೆ. ಕೋನ್‌ನ ವ್ಯಾಸ, ಉಬ್ಬಿನ ಒಳ ಅಂಚಿನ ವ್ಯಾಸ, ಉಬ್ಬಿನ ಹೊರ ಅಂಚಿನ ವ್ಯಾಸ, ಫೋಮ್‌ನ ಪೂರ್ತಿ ವ್ಯಾಸ, ಈ ನಾಲ್ಕನ್ನೂ ಮಿಲಿಮೀಟರ್‌ನಲ್ಲಿ ಬರೆದುಕೊಳ್ಳಿ. ಎರಡೂ ಸ್ಪೀಕರ್‌ಗೆ ಒಟ್ಟಿಗೆ ಹಾಕಿ. ಒಂದಕ್ಕೆ ಹೊಸದು ಹಾಕಿ ಇನ್ನೊಂದನ್ನು ಬಿಟ್ಟರೆ ಬೇಸ್ ಎರಡು ಕಡೆ ಎರಡು ತರಹ ಕೇಳಿಸುತ್ತದೆ.

ಹಳೆ ಫೋಮ್ ಮತ್ತು ಗೋಂದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ನಿಧಾನವಾಗಿ ಕೆರೆದು ತೆಗೆಯಿರಿ. ಕಾಗದದ ಕೋನ್ ಆದರೆ ಹೆಚ್ಚು ನೆನೆಸಬಾರದು. ಮೊದಲು ಹೊಸ ಅಂಚನ್ನು ಕೋನ್‌ಗೆ ಅಂಟಿಸಿ ಒಣಗಲು ಬಿಡಿ. ಒಣಗಿದ ಮೇಲೆ ಹೊರ ಅಂಚಿಗೆ ಗೋಂದು ಹಚ್ಚಿ ಲೋಹದ ಚೌಕಟ್ಟಿಗೆ ಕೂರಿಸಿ. ಒಣಗಿದ ಮೇಲೂ ಬಳುಕುವ, ಸ್ಪೀಕರ್‌ಗೆಂದೇ ಬರುವ ಗೋಂದು ಬೇಕು. ಫೆವಿಕ್ವಿಕ್ ಥರದ್ದು ಕಲ್ಲಿನಂತೆ ಗಟ್ಟಿಯಾಗಿ ಫೋಮನ್ನೇ ಸೀಳುತ್ತದೆ. ಕೆಲಸದಲ್ಲಿ ಸೂಕ್ಷ್ಮವಾದ ಘಟ್ಟ ಈ ಎರಡನೆಯ ಅಂಟಿಸುವಿಕೆ. ಗೋಂದು ಇನ್ನೂ ಹಸಿ ಇರುವಾಗ ಎರಡೂ ಕೈಯ ಬೆರಳುಗಳಿಂದ ಕೋನನ್ನು ಎದುರುಬದುರು ಹಿಡಿದು ಐದಾರು ಮಿ.ಮೀ. ಒಳಕ್ಕೆ ಒತ್ತಿ ಬಿಡಿ, ಕಿವಿ ಹತ್ತಿರ ಇಟ್ಟು ಕೇಳಿ. ಸರ್ರ್ ಎಂದು ಉಜ್ಜಿದರೆ ಅಂಚನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಒತ್ತಿ ನೋಡಿ. ಸದ್ದೇ ಇಲ್ಲದ ಜಾಗ ಸಿಕ್ಕಾಗ ಹಾಗೇ ಮುಖ ಮೇಲಾಗಿ ಇಟ್ಟು 24 ಗಂಟೆ ಮುಟ್ಟಬೇಡಿ. ಅವಸರ ಮಾಡಿದವರದು ಮತ್ತೆ ಬರಬರ ಎನ್ನುತ್ತದೆ.

ವಾಪಸ್ ಜೋಡಿಸುವಾಗ ಪೆನ್‌ಟಾರ್ಚ್‌ನ 1.5 ವೋಲ್ಟ್ ಸೆಲ್ ಒಂದನ್ನು ತೆಗೆದುಕೊಂಡು, ಅದರ ಪ್ಲಸ್ಸನ್ನು ವೂಫರ್‌ನ ಕೆಂಪು ಗುರುತಿಗೆ, ಮೈನಸ್ಸನ್ನು ಇನ್ನೊಂದಕ್ಕೆ ಒಂದು ಕ್ಷಣ ಮುಟ್ಟಿಸಿ. ಎರಡೂ ಕೋನ್‌ಗಳು ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಹೊರಕ್ಕೆ, ಜಿಗಿಯಬೇಕು. ಒಂದು ಉಲ್ಟಾ ಆಗಿದ್ದರೆ ಬೇಸ್ ಪರಸ್ಪರ ಕಡಿದುಹೋಗಿ ತೆಳುವಾಗುತ್ತದೆ. ಟ್ವೀಟರ್ (ತೀಕ್ಷ್ಣ ಸ್ವರದ ಚಿಕ್ಕ ಸ್ಪೀಕರ್) ಮಂಕಾಗಿದ್ದರೆ ಒಳಗಿನ ಕ್ರಾಸ್‌ಓವರ್ ಬೋರ್ಡಿನಲ್ಲಿರುವ ನಾನ್‌ಪೋಲಾರ್ ಕೆಪಾಸಿಟರ್ ಒಣಗಿರುತ್ತದೆ. ಅಷ್ಟೇ ಮೈಕ್ರೋಫ್ಯಾರಡ್‌ನ, 100 ವೋಲ್ಟ್‌ನ ಹೊಸದು ಹಾಕಿಸಿ, ನೂರು ರೂಪಾಯಿ ಒಳಗಿನ ಕೆಲಸ.

ಗುಂಯ್ ಸದ್ದಿಗೆ ವಾಲ್ಯೂಮ್ ಸೊನ್ನೆ ಮಾಡಿ ನೋಡಿ. ಸೊನ್ನೆಯಲ್ಲೂ ಅಷ್ಟೇ ಗುಂಯ್ ಎಂದರೆ ತೊಂದರೆ ಆಂಪ್ಲಿಫೈಯರ್‌ನ ಪವರ್ ಸಪ್ಲೈಯಲ್ಲಿ, ಅಲ್ಲಿನ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ಬತ್ತಿವೆ. ನಮ್ಮ ಕರೆಂಟು 50 ಹರ್ಟ್ಸ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ 100 ಹರ್ಟ್ಸ್. ಅದನ್ನು ಸಮ ಮಾಡುವವರಿಲ್ಲದೆ ಸ್ಪೀಕರ್‌ಗೆ ಬರುತ್ತದೆ. ಮೇಲೆ ‘4700 ಮೈಕ್ರೋಫ್ಯಾರಡ್, 50 ವೋಲ್ಟ್’ ಎಂದಿದ್ದರೆ ಅದೇ ಮೌಲ್ಯದ, ವೋಲ್ಟೇಜ್ ಅಷ್ಟೇ ಅಥವಾ ಮೇಲಿನ, 105 ಡಿಗ್ರಿ ಎಂದು ಬರೆದ ಕೆಪಾಸಿಟರ್ ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತವೆ. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಕರೆಂಟು ಉಳಿದಿರುತ್ತದೆ, 100 ಓಂ, 10 ವ್ಯಾಟ್ ರೆಸಿಸ್ಟರ್ ಅಡ್ಡಹಿಡಿದು ಖಾಲಿ ಮಾಡಬೇಕು. ಸಾಲ್ಡರಿಂಗ್ ಅಭ್ಯಾಸ ಇಲ್ಲದವರು ಇಷ್ಟನ್ನು ಮೆಕ್ಯಾನಿಕ್‌ಗೆ ಬಿಡುವುದೇ ವಾಸಿ.

ವಾಲ್ಯೂಮ್ ಏರಿಸಿದಂತೆ ಗುಂಯ್ ಕೂಡ ಏರಿದರೆ ಅದು ಹೊರಗಿನಿಂದ ಬರುತ್ತಿದೆ. ಸೆಟ್‌ಟಾಪ್ ಬಾಕ್ಸ್‌ನ ಹಿಂದಿನ ಕೇಬಲ್ ಅಥವಾ ಡಿಶ್ ವೈರನ್ನು ತಿರುಗಿಸಿ ಬಿಚ್ಚಿ. ಸದ್ದು ನಿಂತರೆ ಅರ್ಥಿಂಗ್ ಎರಡು ಕಡೆಯಿಂದ ಸುತ್ತುಹಾಕುತ್ತಿದೆ ಎಂದು ಲೆಕ್ಕ. ಎಲ್ಲ ಪ್ಲಗ್‌ಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಆಗಲೂ ಇದ್ದರೆ ಆಡಿಯೋ ಕೇಬಲ್ ನಡುವೆ ₹300–500ರ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಪ್ಲಗ್‌ನ ಅರ್ಥ್ ಪಿನ್ ಕಿತ್ತು ಸದ್ದು ನಿಲ್ಲಿಸುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ. ಲೋಹದ ಡಬ್ಬದ ಆಂಪ್ಲಿಫೈಯರ್ ಅದು, ಪ್ರಾಣಕ್ಕೆ ಅಪಾಯ.

ಪ್ರಶ್ನೆ: 32 ಇಂಚಿನ ಎಲ್‌ಇಡಿ ಟಿವಿ, ಹತ್ತು ವರ್ಷ ಹಳೆಯದು. ಮಾತು ಕೇಳುತ್ತದೆ, ಪರದೆ ಕಪ್ಪು. ‘ಪ್ಯಾನೆಲ್ ಹೋಗಿದೆ, ಹೊಸದು ತಗೊಳ್ಳಿ’ ಎನ್ನುತ್ತಾರೆ.
— ಓದುಗರು, ಧಾರವಾಡ

ಉತ್ತರ: ಒಪ್ಪುವ ಮುಂಚೆ ರಾತ್ರಿ ಕೋಣೆಯ ದೀಪ ಆರಿಸಿ, ಟಿವಿ ಹಚ್ಚಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿಯಿರಿ. ಬೆಳಕು ಬಿದ್ದಲ್ಲಿ ಮಸುಕಾಗಿ ಚಿತ್ರ ಅಲುಗಾಡುವುದು ಕಂಡರೆ ಪ್ಯಾನೆಲ್ ಜೀವಂತವಾಗಿದೆ, ಹೋಗಿರುವುದು ಹಿಂದಿನ ಬ್ಯಾಕ್‌ಲೈಟ್. ಒಳಗೆ ಎಲ್‌ಇಡಿಗಳು ಸಾಲಾಗಿ ಸರಣಿಯಲ್ಲಿರುತ್ತವೆ. ಅದರಲ್ಲಿ ಒಂದು ಸುಟ್ಟರೆ ಪೂರ್ತಿ ಬೆಳಕು ಆರುತ್ತದೆ.

ಪಟ್ಟಿಗಳನ್ನೆಲ್ಲ ಒಟ್ಟಿಗೆ ಬದಲಾಯಿಸಲು ಕೂಲಿ ಸೇರಿ ₹1,500ರಿಂದ ₹2,500 ಆಗಬಹುದು. ಸುಟ್ಟ ಒಂದು ಎಲ್‌ಇಡಿಯನ್ನಷ್ಟೇ ಬದಲಾಯಿಸಿದರೆ ಅಷ್ಟೇ ವಯಸ್ಸಾದ ಪಕ್ಕದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ. ಪಟ್ಟಿಯ ಮೇಲೆ ಮುದ್ರಿಸಿದ ನಂಬರ್, ಎಲ್‌ಇಡಿಗಳ ಸಂಖ್ಯೆ, ಒಂದೊಂದೂ 3 ವೋಲ್ಟೋ 6 ವೋಲ್ಟೋ ಎಂಬುದು ಹೊಂದಬೇಕು. ಕಾಗದದಷ್ಟು ತೆಳ್ಳಗಿನ ಗಾಜಿನ ಪ್ಯಾನೆಲ್ಲನ್ನು ಎತ್ತಿಡಬೇಕಾದ ಕೆಲಸವಾದ್ದರಿಂದ, ಒಡೆದರೆ ಯಾರ ಜವಾಬ್ದಾರಿ ಎಂದು ಮೊದಲೇ ಮಾತಾಡಿಕೊಳ್ಳಿ. ರಿಪೇರಿ ಆದ ಮೇಲೆ ಬ್ಯಾಕ್‌ಲೈಟ್ 100ರಲ್ಲಿ ಇಡದೆ 60–70ಕ್ಕೆ ಇಳಿಸಿ. ಎಲ್‌ಇಡಿ ಸುಡುವುದು ಬಿಸಿಯಿಂದ.

ಪರದೆಯ ಮೇಲೆ ಉದ್ದುದ್ದ ಗೆರೆಗಳಿದ್ದರೆ, ಅಥವಾ ಗಾಜು ಬಿರುಕು ಬಿಟ್ಟಿದ್ದರೆ ಒಂದು ರೂಪಾಯಿಯೂ ಹಾಕಬೇಡಿ. ಉಳಿದಂತೆ, ರಿಪೇರಿ ಖರ್ಚು ಹೊಸ ಟಿವಿ ಬೆಲೆಯ ಮೂರನೇ ಒಂದು ಭಾಗ ದಾಟದಿದ್ದರೆ ಮಾಡಿಸಿ, ಮಿಕ್ಕ ದುಡ್ಡಿಗೆ ಇಂಟರ್ನೆಟ್‌ನ ಸಿನಿಮಾ ಟಿವಿಗೆ ತರುವ ಸ್ಟ್ರೀಮಿಂಗ್ ಸ್ಟಿಕ್ ಹಾಕಿಕೊಳ್ಳಿ. ಸ್ಟಿಕ್‌ಗೆ ಕರೆಂಟು ಅದರ ಜೊತೆ ಬಂದ ಅಡಾಪ್ಟರ್‌ನಿಂದಲೇ ಕೊಡಿ. ಹಳೆ ಟಿವಿಗಳ ಯುಎಸ್‌ಬಿ ಕೊಡುವುದು ಸಾಮಾನ್ಯವಾಗಿ 500 ಮಿಲಿಆಂಪ್ ಮಾತ್ರ. ಸಿನಿಮಾ ನಡುವೆ ಸ್ಟಿಕ್ ತಾನಾಗಿ ರೀಸ್ಟಾರ್ಟ್ ಆಗಲು ಮುಖ್ಯ ಕಾರಣ ಅದೇ.

ಪ್ರಶ್ನೆ: ₹30,000 ಇದೆ. ಸೋಫಾದಿಂದ ಟಿವಿಗೆ ಎಂಟು ಅಡಿ. ಅಪ್ಪ–ಅಮ್ಮನಿಗೆ ಈಗಿನ ಟಿವಿಯಲ್ಲಿ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. 55 ಇಂಚಿನದು ತಂದರೆ ಸೌಂಡ್ ಚೆನ್ನಾಗಿರುತ್ತದೆಯೇ?
— ಓದುಗರು, ಬೆಂಗಳೂರು

ಉತ್ತರ: ಇಂಚು ಹೆಚ್ಚಾದರೆ ಸೌಂಡ್ ಹೆಚ್ಚುವುದಿಲ್ಲ. ತೆಳ್ಳಗಿನ ಟಿವಿಗಳ ಪುಟ್ಟ ಸ್ಪೀಕರ್‌ಗಳು ನೆಲದ ಕಡೆಗೋ ಗೋಡೆಯ ಕಡೆಗೋ ಮುಖ ಮಾಡಿರುತ್ತವೆ, ಮಾತು ಗೋಡೆಗೆ ಬಡಿದು ನಿಮಗೆ ತಲುಪುತ್ತದೆ. ಗ್ರಾನೈಟ್ ನೆಲ, ಬರಿ ಗೋಡೆಯ ಹಾಲ್ ಆದರೆ ಇನ್ನೂ ಕಲಸಿಹೋಗುತ್ತದೆ. ಟಿವಿ ಮುಂದಿನ ನೆಲಕ್ಕೆ ದಪ್ಪ ಜಮಖಾನ, ಎದುರಿನ ಕಿಟಕಿಗೆ ದಪ್ಪ ಪರದೆ ಹಾಕಿದರೆ ಅಮ್ಮನಿಗೇ ಮೊದಲು ವ್ಯತ್ಯಾಸ ಗೊತ್ತಾಗುತ್ತದೆ. ಸೌಂಡ್ ಮೋಡನ್ನು ‘ಕ್ಲಿಯರ್ ವಾಯ್ಸ್’ಗೆ, ಬೇಸನ್ನು ಕಡಿಮೆಗೆ ತನ್ನಿ. ‘ಸರೌಂಡ್’ ಆಫ್ ಮಾಡಿ. ಈ ಸೆಟ್ಟಿಂಗ್‌ಗಳಿಗೆ ಖರ್ಚಿಲ್ಲ.

ನಿಮ್ಮ ಜಾಗದಲ್ಲಿ ನಾವಾದರೆ 55ರ ಆಸೆ ಬಿಟ್ಟು 43 ಇಂಚಿಗೆ ₹20,000–22,000 ಹಾಕಿ, ಉಳಿದದ್ದನ್ನು ಸೌಂಡ್‌ಬಾರ್‌ಗೆ ಕೊಡುತ್ತೇವೆ. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿರುವುದೂ ಅನುಕೂಲವೇ. 43 ಇಂಚಿನಲ್ಲಿ ಎಂಟು ಅಡಿ ದೂರದಿಂದ ಫುಲ್ ಎಚ್‌ಡಿಗೂ 4ಕೆಗೂ ಇರುವ ವ್ಯತ್ಯಾಸ ಕಣ್ಣಿಗೆ ಸಿಗುವುದು ಕಷ್ಟ, ಆದ್ದರಿಂದ 4ಕೆ ಎಂಬ ಕಾರಣಕ್ಕೆ ಹೆಚ್ಚು ತೆರಬೇಡಿ.

ಸೌಂಡ್‌ಬಾರ್ ಕೊಳ್ಳುವಾಗ ‘3.1’ ಎಂದಿರುವುದನ್ನು ಹುಡುಕಿ. ಮೂರನೆಯದು ನಡುವಿನ ಚಾನೆಲ್, ಸಿನಿಮಾ–ಧಾರಾವಾಹಿಗಳಲ್ಲಿ ಮಾತು ಬರುವುದು ಅಲ್ಲಿಂದಲೇ. ನಿಮ್ಮ ಬಜೆಟ್‌ನಲ್ಲಿ ಸಿಗದಿದ್ದರೆ 2.1 ಆದರೂ ಎಚ್‌ಡಿಎಂಐ ಎಆರ್‌ಸಿ ಇರುವುದು ಬೇಕು. ಬ್ಲೂಟೂತ್ ಮಾತ್ರ ಇರುವುದು ಬೇಡ. ಪೆಟ್ಟಿಗೆ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಅದನ್ನು ಓದಲೇಬೇಡಿ, ಎಡೆಬಿಡದೆ ನಿಜವಾಗಿ ಕೊಡುವ ಆರ್‌ಎಂಎಸ್ ವ್ಯಾಟ್ ಎಷ್ಟು ಎಂದು ಕೇಳಿ.

ಇದೇ ವಿಷಯಕ್ಕೆ ಸೇರಿದ ಮತ್ತೊಂದು ಮಾತು, ಹಳೆ 5.1 ಇರುವ ಎಲ್ಲರಿಗೂ: ಹಾಡು, ಗದ್ದಲ ಜೋರಾಗಿ ಕೇಳಿ ಮಾತು ಮಾತ್ರ ಬಾವಿಯೊಳಗಿಂದ ಬಂದಂತಿದ್ದರೆ ಸೆಂಟರ್ ಸ್ಪೀಕರ್‌ನ ಪಿನ್ ಕಳಚಿದೆಯೇ ನೋಡಿ.

ಪ್ರಶ್ನೆ: ಮಳೆಗಾಲ ಬಂದರೆ ಟಿವಿ ಹಾಳಾಗುತ್ತದೆ. ಸ್ಟೆಬಿಲೈಸರ್ ಇದ್ದರೂ ಕಳೆದ ಸಲ ಎಚ್‌ಡಿಎಂಐ ಬೋರ್ಡ್ ಹೋಯಿತು.
— ಓದುಗರು, ತೀರ್ಥಹಳ್ಳಿ

ಉತ್ತರ: ಸಿಡಿಲು ಕರೆಂಟಿನ ದಾರಿಯಲ್ಲೇ ಬರಬೇಕೆಂದಿಲ್ಲ. ಮಾಡಿನ ಮೇಲಿನ ಡಿಶ್, ಅಲ್ಲಿಂದ ವೈರ್, ಸೆಟ್‌ಟಾಪ್ ಬಾಕ್ಸ್, ಎಚ್‌ಡಿಎಂಐ ಕೇಬಲ್, ಟಿವಿ. ನಿಮ್ಮ ಬೋರ್ಡ್ ಸುಟ್ಟ ದಾರಿ ಬಹುಪಾಲು ಇದೇ. ಸ್ಟೆಬಿಲೈಸರ್ ಈ ದಾರಿಯಲ್ಲಿ ಇಲ್ಲವೇ ಇಲ್ಲ. ಗುಡುಗು ದೂರದಲ್ಲಿ ಕೇಳುವಾಗಲೇ ಪ್ಲಗ್ ಜೊತೆಗೆ ಡಿಶ್ ವೈರ್, ಬ್ರಾಡ್‌ಬ್ಯಾಂಡ್‌ನ ತಾಮ್ರದ ವೈರ್ ಎಲ್ಲವನ್ನೂ ಕಿತ್ತಿಡಿ. ಇದಕ್ಕೆ ಬದಲಿ ಯಾವ ಉಪಕರಣವೂ ಇಲ್ಲ.

ಇಂದಿನ ಟಿವಿಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಾವೇ ಹೊಂದಿಕೊಳ್ಳುತ್ತವೆ, ಲೋ ವೋಲ್ಟೇಜ್‌ಗೆ ಸ್ಟೆಬಿಲೈಸರ್ ಅಗತ್ಯವಿಲ್ಲ. ಹೆದರಬೇಕಾದದ್ದು ಲೈನಿನಲ್ಲಿ ನ್ಯೂಟ್ರಲ್ ಕಡಿದಾಗ. ಮನೆಗೆ 400 ವೋಲ್ಟ್‌ವರೆಗೂ ಬರಬಹುದು. ಅದಕ್ಕೆ 270 ವೋಲ್ಟ್ ಸುತ್ತ ತಾನಾಗಿ ಕಡಿಯುವ ಓವರ್‌ವೋಲ್ಟೇಜ್ ಕಟಾಫ್ ಹಾಕಿಸಿ. ಸ್ಪೈಕ್ ಗಾರ್ಡ್ ಅರ್ಥಿಂಗ್ ಸರಿ ಇದ್ದರಷ್ಟೇ ಪೂರ್ತಿ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. ಕರೆಂಟು ಹೋದಾಗ ಮಾತ್ರ ಆಂಪ್ಲಿಫೈಯರ್ ಗುರ್ ಎನ್ನುವುದಾದರೆ ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ ಇರಬೇಕು, ಸೈನ್ ವೇವ್‌ನದರಲ್ಲಿ ಆ ಸದ್ದು ಬರುವುದಿಲ್ಲ.

ಪ್ರಶ್ನೆ: ಹಳೆ ಡಬ್ಬ ಟಿವಿಗೆ ಸ್ಟಿಕ್ ಹಾಕಬಹುದೇ?
— ಓದುಗರು, ಗಂಗಾವತಿ

ಉತ್ತರ: ಎಚ್‌ಡಿಎಂಐನಿಂದ ಎವಿಗೆ (ಹಳದಿ–ಕೆಂಪು–ಬಿಳಿ ಪಿನ್‌ಗೆ) ಹೋಗುವ ಕನ್ವರ್ಟರ್ ಸುಮಾರು ₹500. ಚಿತ್ರ ಕಪ್ಪುಬಿಳುಪಾಗಿ ಅಥವಾ ಉರುಳುತ್ತಾ ಬಂದರೆ ಕನ್ವರ್ಟರ್‌ನ ಪಕ್ಕದ ಚಿಕ್ಕ ಸ್ವಿಚ್ಚನ್ನು ಎನ್‌ಟಿಎಸ್‌ಸಿಯಿಂದ ಪಾಲ್‌ಗೆ ತಳ್ಳಿ. ಮೆನು ಅಕ್ಷರ ಓದುವುದು ಕಷ್ಟ, ಹಾಗಾಗಿ ಹಾಡು ಕೇಳಲು ಅಡ್ಡಿಯಿಲ್ಲ, ದಿನಾ ನೋಡಲು ಬೇಡ. ಆ ಟಿವಿಯ ಹಿಂದಿನ ಮುಚ್ಚಳ ಮಾತ್ರ ತೆಗೆಯಬೇಡಿ, ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬ್‌ನಲ್ಲಿ ಸಾವಿರಾರು ವೋಲ್ಟ್ ನಿಂತಿರುತ್ತದೆ. ಟ್ಯೂಬ್‌ನ ಗಾಜಿನಲ್ಲಿ ಸೀಸ ಇರುವುದರಿಂದ ಗುಜರಿಗೆ ಕೊಡದೆ ಅಧಿಕೃತ ಇ–ತ್ಯಾಜ್ಯ ಸಂಗ್ರಹಕರಿಗೆ ಕೊಡಿ.

ಪ್ರಶ್ನೆ: ಹಿಂದಿನ ಸ್ಪೀಕರ್‌ಗೆ ಹತ್ತು ಮೀಟರ್ ವೈರ್ ಬೇಕು. ಮೀಟರ್‌ಗೆ ₹200ರ ವೈರ್ ಹಾಕಲೇಬೇಕೇ?
— ಓದುಗರು, ಉಡುಪಿ

ಉತ್ತರ: ಬೇಕಿಲ್ಲ. ಮನೆ ವೈರಿಂಗ್‌ನ 1.5 ಚದರ ಮಿ.ಮೀ. ತಾಮ್ರದ ವೈರ್ ಮೀಟರಿಗೆ ಸುಮಾರು 0.012 ಓಂ ತಡೆ ಒಡ್ಡುತ್ತದೆ. ಹೋಗಿಬರುವ ಇಪ್ಪತ್ತು ಮೀಟರಿಗೆ 0.24 ಓಂ. 8 ಓಂ ಸ್ಪೀಕರ್‌ಗೆ ಅದು ಶೇ. 3, ಕಿವಿಗೆ ಗೊತ್ತಾಗದು. ಸೆಟ್ ಜೊತೆ ಬರುವ ಕೂದಲಿನಂಥ ವೈರಿಗೇ ಇನ್ನಷ್ಟು ಉದ್ದ ಕಟ್ಟಿದರೆ, ಅದೂ 3–4 ಓಂ ಸ್ಪೀಕರ್‌ಗೆ, ಸದ್ದು ನಿಜವಾಗಿ ಕುಗ್ಗುತ್ತದೆ. ಎರಡು ಬಣ್ಣದ ವೈರ್ ತಂದು, ಕೆಂಪು ಎಲ್ಲ ಕಡೆ ಪ್ಲಸ್‌ಗೇ ಹೋಗುವಂತೆ ನೋಡಿಕೊಳ್ಳಿ. ಸಮುದ್ರದ ಗಾಳಿಗೆ ನಿಮ್ಮಲ್ಲಿ ತಾಮ್ರ ಬೇಗ ಹಸಿರುಗಟ್ಟುತ್ತದೆ, ವರ್ಷಕ್ಕೊಮ್ಮೆ ತುದಿ ಕತ್ತರಿಸಿ ಹೊಸದಾಗಿ ಸುಲಿದು ಬಿಗಿಯಿರಿ.